ಜಿಲ್ಲಾ ನಕ್ಷೆಯ ಅಂಕಿಗಳಿಂದ ಬಾಕ್ಸ್‌ಪ್ಲಾಟ್: ಕ್ಯೂಜಿಐಎಸ್‌ನಲ್ಲಿ ಹಂತ ಹಂತವಾಗಿ

ಬಣ್ಣ ತುಂಬಿದ ಜಿಲ್ಲಾ ನಕ್ಷೆಯೊಂದನ್ನು ಮುಂದಿಟ್ಟುಕೊಂಡಾಗ ನಮ್ಮ ಕಣ್ಣು ಮೊದಲು ಹೋಗುವುದು ವಿಸ್ತಾರವಾದ ಜಿಲ್ಲೆಗಳ ಕಡೆಗೆ. ಸುಮಾರು 13,400 ಚದರ ಕಿಲೋಮೀಟರಿನ ಬೆಳಗಾವಿ ಎದ್ದು ಕಾಣುತ್ತದೆ, ಸುಮಾರು 2,200 ಚದರ ಕಿಲೋಮೀಟರಿನ ಬೆಂಗಳೂರು ನಗರ ಜಿಲ್ಲೆ ಮೂಲೆಯಲ್ಲಿ ಮರೆಯಾಗುತ್ತದೆ. ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂಬುದನ್ನು ನಕ್ಷೆ ಚೆನ್ನಾಗಿ ಹೇಳುತ್ತದೆ. ಆದರೆ ಆ ಅಂಕಿಗಳು ಒಟ್ಟಾರೆ ಹೇಗೆ ಹರಡಿಕೊಂಡಿವೆ, ನಡುವಿನ ಅರ್ಧದಷ್ಟು ಜಿಲ್ಲೆಗಳು ಯಾವ ಮಿತಿಯೊಳಗೆ ಬರುತ್ತವೆ, ಉಳಿದವುಗಳಿಂದ ತೀರ ದೂರ ಸರಿದು ನಿಂತಿರುವ ಜಿಲ್ಲೆ ಯಾವುದು ಎಂಬ ಪ್ರಶ್ನೆಗಳಿಗೆ ನಕ್ಷೆಯಿಂದ ನಿಖರ ಉತ್ತರ ಸಿಗುವುದಿಲ್ಲ. ಅದೇ ನಕ್ಷೆಯ ಹಿಂದಿರುವ ಕೋಷ್ಟಕದ, ಅಂದರೆ ಅಟ್ರಿಬ್ಯೂಟ್ ಟೇಬಲ್‌ನ, ಅಂಕಿಗಳಿಂದ ಒಂದು ಬಾಕ್ಸ್‌ಪ್ಲಾಟ್ (ಅಂಕಿಗಳ ಹರಡಿಕೆಯನ್ನು ಪೆಟ್ಟಿಗೆಯಾಗಿ ತೋರಿಸುವ ಚಿತ್ರ) ಬಿಡಿಸಿದರೆ ಈ ಮೂರಕ್ಕೂ ಒಂದೇ ಚಿತ್ರದಲ್ಲಿ ಉತ್ತರ ದೊರೆಯುತ್ತದೆ.

ನಕ್ಷೆಗಳ ಕೆಲಸಕ್ಕೆಂದು ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿ ಈ ಕೆಲಸವನ್ನು ಮಾಡುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ. ಉದಾಹರಣೆಗೆ 2011ರ ಜನಗಣತಿಯ ಪ್ರಕಾರ ಕರ್ನಾಟಕದ 30 ಜಿಲ್ಲೆಗಳ ಸಾಕ್ಷರತೆಯ ಪ್ರಮಾಣವನ್ನು ತೆಗೆದುಕೊಂಡಿದ್ದೇನೆ. ಈ ಅಂಕಿಗಳನ್ನು ಆಯ್ದುಕೊಳ್ಳಲು ಕಾರಣವಿದೆ. ಇಡೀ ರಾಜ್ಯವನ್ನು ಒಂದೇ ಗುಂಪಾಗಿ ನೋಡಿದಾಗ ಹೊರಗುಳಿಯುವ ಜಿಲ್ಲೆ ಬೇರೆ, ಕಂದಾಯ ವಿಭಾಗಗಳಾಗಿ ಒಡೆದು ನೋಡಿದಾಗ ಹೊರಗುಳಿಯುವ ಜಿಲ್ಲೆ ಬೇರೆ. ನಕ್ಷೆಯ ದತ್ತಾಂಶದ ಮೇಲೆ ಬಾಕ್ಸ್‌ಪ್ಲಾಟ್ ಬಿಡಿಸುವವರು ಎಲ್ಲಕ್ಕಿಂತ ಮೊದಲು ಮನದಟ್ಟು ಮಾಡಿಕೊಳ್ಳಬೇಕಾದದ್ದು ಇದನ್ನೇ ಎಂದು ನಾನು ಬಲವಾಗಿ ನಂಬಿದ್ದೇನೆ.

ಚಿತ್ರದ ಭಾಗಗಳು

ಬಾಕ್ಸ್‌ಪ್ಲಾಟನ್ನು ಇಂದಿನ ರೂಪದಲ್ಲಿ ಬಳಕೆಗೆ ತಂದವರು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ. 1977ರಲ್ಲಿ ಪ್ರಕಟವಾದ ಅವರ ಗ್ರಂಥದ ಮೂಲಕ ಅದು ಎಲ್ಲೆಡೆ ಪರಿಚಿತವಾಯಿತು. ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ಕಾಲು ಭಾಗ ಮುಗಿಯುವ ಜಾಗವೇ ಮೊದಲ ಚತುರ್ಥಕ, ಅರ್ಧ ಮುಗಿಯುವ ಜಾಗ ಮಧ್ಯಾಂಕ, ಮುಕ್ಕಾಲು ಭಾಗ ಮುಗಿಯುವ ಜಾಗ ಮೂರನೆಯ ಚತುರ್ಥಕ. ಪೆಟ್ಟಿಗೆಯ ಕೆಳಗಿನ ಅಂಚು ಮೊದಲ ಚತುರ್ಥಕದಲ್ಲಿಯೂ ಮೇಲಿನ ಅಂಚು ಮೂರನೆಯದರಲ್ಲಿಯೂ ಇರುತ್ತದೆ. ಒಳಗಿನ ಅಡ್ಡಗೆರೆ ಮಧ್ಯಾಂಕವನ್ನು ಸೂಚಿಸುತ್ತದೆ. ಎರಡು ಅಂಚುಗಳ ನಡುವಿನ ಅಂತರಕ್ಕೆ ಅಂತರ-ಚತುರ್ಥಕ ವ್ಯಾಪ್ತಿ ಎನ್ನುತ್ತಾರೆ. ಈ ವ್ಯಾಪ್ತಿಯ ಒಂದೂವರೆ ಪಟ್ಟನ್ನು ಮೊದಲ ಚತುರ್ಥಕದಿಂದ ಕಳೆದರೆ ಕೆಳಗಿನ ಬೇಲಿ ಸಿಗುತ್ತದೆ, ಮೂರನೆಯದಕ್ಕೆ ಕೂಡಿಸಿದರೆ ಮೇಲಿನ ಬೇಲಿ ಸಿಗುತ್ತದೆ. ಪೆಟ್ಟಿಗೆಯಿಂದ ಮೇಲಕ್ಕೂ ಕೆಳಕ್ಕೂ ಹೊರಡುವ ಗೆರೆಗಳಾದ ಮೀಸೆಗಳು ಬೇಲಿಯವರೆಗೂ ಚಾಚುವುದಿಲ್ಲ. ಬೇಲಿಯ ಒಳಗಿರುವ ಕಟ್ಟಕಡೆಯ ನಿಜವಾದ ಅಂಕಿಯವರೆಗೆ ಮಾತ್ರ ಚಾಚುತ್ತವೆ. ಬೇಲಿಯಾಚೆಗೆ ಉಳಿದ ಅಂಕಿಗಳನ್ನು ಬಿಡಿ ಚುಕ್ಕೆಗಳಾಗಿ ತೋರಿಸಲಾಗುತ್ತದೆ.

ಮೊದಲ ಹಂತ: ಅಂಕಿಗಳ ಪಟ್ಟಿಯನ್ನು ಸಿದ್ಧಪಡಿಸುವುದು

ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿಯುವ ಹಂತವಿದು, ಎಚ್ಚರ ತಪ್ಪುವ ಸಾಧ್ಯತೆಯೂ ಇಲ್ಲಿಯೇ ಹೆಚ್ಚು. ಸ್ಪ್ರೆಡ್‌ಶೀಟ್‌ನಲ್ಲಿ ನಾಲ್ಕು ಕಾಲಂಗಳನ್ನು ಮಾಡಿ: ಜಿಲ್ಲೆಯ ಜನಗಣತಿ ಸಂಕೇತ, ಜಿಲ್ಲೆಯ ಹೆಸರು, ಕಂದಾಯ ವಿಭಾಗ, ಸಾಕ್ಷರತೆ. ಅಂಕಿಗಳು ವಿಭಾಗವಾರು ಹೀಗಿವೆ, ಎಲ್ಲವೂ ಶೇಕಡಾವಾರು.

ಬೆಂಗಳೂರು ವಿಭಾಗ: ಬೆಂಗಳೂರು ನಗರ 87.67, ಬೆಂಗಳೂರು ಗ್ರಾಮಾಂತರ 77.93, ರಾಮನಗರ 69.22, ಕೋಲಾರ 74.39, ಚಿಕ್ಕಬಳ್ಳಾಪುರ 69.76, ತುಮಕೂರು 75.14, ಚಿತ್ರದುರ್ಗ 73.71, ದಾವಣಗೆರೆ 75.74, ಶಿವಮೊಗ್ಗ 80.45.

ಮೈಸೂರು ವಿಭಾಗ: ಮೈಸೂರು 72.79, ಮಂಡ್ಯ 70.40, ಚಾಮರಾಜನಗರ 61.43, ಹಾಸನ 76.07, ಚಿಕ್ಕಮಗಳೂರು 79.25, ಕೊಡಗು 82.61, ದಕ್ಷಿಣ ಕನ್ನಡ 88.57, ಉಡುಪಿ 86.24.

ಬೆಳಗಾವಿ ವಿಭಾಗ: ಬೆಳಗಾವಿ 73.48, ಬಾಗಲಕೋಟೆ 68.82, ವಿಜಯಪುರ 67.15, ಗದಗ 75.12, ಧಾರವಾಡ 80.00, ಹಾವೇರಿ 77.40, ಉತ್ತರ ಕನ್ನಡ 84.06.

ಕಲಬುರಗಿ ವಿಭಾಗ: ಕಲಬುರಗಿ 64.85, ಬೀದರ್ 70.51, ರಾಯಚೂರು 59.56, ಯಾದಗಿರಿ 51.83, ಕೊಪ್ಪಳ 68.09, ಬಳ್ಳಾರಿ 67.43.

ಜನಗಣತಿಯಲ್ಲಿ ಸಾಕ್ಷರತೆಯ ಪ್ರಮಾಣವನ್ನು ಲೆಕ್ಕ ಹಾಕುವುದು 7 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ವಯಸ್ಸಿನವರನ್ನು ಮಾತ್ರ ಪರಿಗಣಿಸಿ ಎಂಬುದು ನೆನಪಿರಲಿ. ಜನಗಣತಿಯ ಮೂಲ ಕೋಷ್ಟಕದಿಂದ ನೀವೇ ಲೆಕ್ಕ ಮಾಡುವುದಾದರೆ ಒಟ್ಟು ಜನಸಂಖ್ಯೆಯಿಂದ 0–6 ವಯಸ್ಸಿನ ಮಕ್ಕಳ ಸಂಖ್ಯೆಯನ್ನು ಮೊದಲು ಕಳೆದು, ಸಾಕ್ಷರರ ಸಂಖ್ಯೆಯನ್ನು ಆ ಉಳಿಕೆಯಿಂದ ಭಾಗಿಸಿ, ನೂರರಿಂದ ಗುಣಿಸಬೇಕು. ಮಕ್ಕಳ ಸಂಖ್ಯೆಯನ್ನು ಕಳೆಯದೆ ಬಿಟ್ಟರೆ ಎಲ್ಲ ಜಿಲ್ಲೆಗಳ ಪ್ರಮಾಣವೂ ತಗ್ಗುತ್ತದೆ. ಮಕ್ಕಳ ಪಾಲು ಹೆಚ್ಚಿರುವ ಜಿಲ್ಲೆಗಳಲ್ಲಿ ಹೆಚ್ಚು ತಗ್ಗುತ್ತದೆ. ಆಗ ಬಾಕ್ಸ್‌ಪ್ಲಾಟ್ ತೋರಿಸುವ ಹರಡಿಕೆಯೇ ಬದಲಾಗುತ್ತದೆ.

ಅಂಕಿಗಳಿರುವ ಕಾಲಂನಲ್ಲಿ ಶೇಕಡಾ ಚಿಹ್ನೆ, ಅಲ್ಪವಿರಾಮ, ‘ಲಭ್ಯವಿಲ್ಲ’ ಎಂಬಂಥ ಪದಗಳು ಇರಕೂಡದು. ಒಂದೇ ಒಂದು ಕೋಶದಲ್ಲಿ ಅಕ್ಷರವಿದ್ದರೂ ತಂತ್ರಾಂಶವು ಇಡೀ ಕಾಲಂ ಅನ್ನು ಪಠ್ಯವೆಂದು ಓದಿಬಿಡಬಹುದು. ಆಮೇಲೆ ಬಾಕ್ಸ್‌ಪ್ಲಾಟ್ ಉಪಕರಣದ ಪಟ್ಟಿಯಲ್ಲಿ ಆ ಕಾಲಂ ಸಂಖ್ಯೆಯಾಗಿ ಕಾಣಿಸುವುದಿಲ್ಲ. ಕನ್ನಡ ಅಂಕಿಗಳಲ್ಲಿ, ಅಂದರೆ ೭೫.೧೨ ಎಂಬ ರೀತಿಯಲ್ಲಿ ಟೈಪ್ ಮಾಡಿದ ಕೋಶಗಳಿಂದಲೂ ಇದೇ ತೊಂದರೆ. ಲೆಕ್ಕಕ್ಕೆ ಬಳಸುವ ಕಾಲಂನಲ್ಲಿ 75.12 ಎಂದೇ ಇರಲಿ. ಅಂಕಿ ಸಿಗದ ಜಿಲ್ಲೆಯಿದ್ದರೆ ಕೋಶವನ್ನು ಖಾಲಿ ಬಿಡಿ. ಸೊನ್ನೆಯನ್ನಾಗಲಿ ‘ಮೈನಸ್ 9999’ ಎಂಬ ಸಂಕೇತವನ್ನಾಗಲಿ ತುಂಬಬೇಡಿ. ಸೊನ್ನೆ ತುಂಬಿದ ಒಂದು ಜಿಲ್ಲೆ ಚಿತ್ರದ ತಳದಲ್ಲಿ ಸುಳ್ಳು ಚುಕ್ಕೆಯಾಗಿ ಕೂರುತ್ತದೆ, ಜೊತೆಗೆ ಚತುರ್ಥಕಗಳನ್ನೂ ಕೆಳಕ್ಕೆ ಎಳೆಯುತ್ತದೆ.

ನಮ್ಮ ಕಚೇರಿಗಳಿಂದ ಬರುವ ಹಳೆಯ ಕಡತಗಳಲ್ಲಿ ಇನ್ನೊಂದು ತೊಡಕು ಸಾಮಾನ್ಯ. ನುಡಿ ಅಥವಾ ಬರಹ ತಂತ್ರಾಂಶದ ಯೂನಿಕೋಡ್ ಅಲ್ಲದ ಅಕ್ಷರವಿನ್ಯಾಸದಲ್ಲಿ ಟೈಪ್ ಮಾಡಿದ ಜಿಲ್ಲೆಯ ಹೆಸರುಗಳು ಕ್ಯೂಜಿಐಎಸ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತವೆ. ಅವುಗಳನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಕೊನೆಗೆ ಹಾಳೆಯನ್ನು ‘ಸಿಎಸ್‌ವಿ ಯುಟಿಎಫ್-8’ (ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯ ಕಡತ) ಎಂಬ ಆಯ್ಕೆಯಲ್ಲಿ ಉಳಿಸಿದರೆ ಕನ್ನಡ ಅಕ್ಷರಗಳು ಹಾಗೆಯೇ ಬರುತ್ತವೆ.

ಎರಡನೆಯ ಹಂತ: ಪಟ್ಟಿಯನ್ನು ನಕ್ಷೆಗೆ ಜೋಡಿಸುವುದು

ಜಿಲ್ಲಾ ಗಡಿಗಳ ಪಾಲಿಗಾನ್ ಲೇಯರನ್ನು, ಅಂದರೆ ಪ್ರತಿ ಜಿಲ್ಲೆಯೂ ಒಂದು ಮುಚ್ಚಿದ ಆಕೃತಿಯಾಗಿರುವ ನಕ್ಷೆಯ ಪದರವನ್ನು, ಕ್ಯೂಜಿಐಎಸ್‌ಗೆ ಸೇರಿಸಿ. ಸಿಎಸ್‌ವಿ ಕಡತವನ್ನು ಲೇಯರ್ ಮೆನುವಿನ ‘ಆ್ಯಡ್ ಡಿಲಿಮಿಟೆಡ್ ಟೆಕ್ಸ್ಟ್ ಲೇಯರ್’ ಮೂಲಕ ತರಬೇಕು. ಅಲ್ಲಿ ‘ನೋ ಜಿಯಾಮೆಟ್ರಿ’ ಎಂಬುದನ್ನು ಆರಿಸಿ, ಕೆಳಗಿನ ಮಾದರಿ ಕೋಷ್ಟಕದಲ್ಲಿ ಸಾಕ್ಷರತೆಯ ಕಾಲಂ ದಶಮಾಂಶ ಸಂಖ್ಯೆಯಾಗಿಯೇ ಬಂದಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಆಮೇಲೆ ಗಡಿ ಲೇಯರ್‌ನ ಪ್ರಾಪರ್ಟೀಸ್ ತೆರೆದು, ‘ಜಾಯಿನ್ಸ್’ ಭಾಗದಲ್ಲಿ ಹಸಿರು ಕೂಡಿಸುವ ಚಿಹ್ನೆಯನ್ನು ಒತ್ತಿ, ಎರಡೂ ಕಡೆಯ ಸಂಕೇತದ ಕಾಲಂಗಳನ್ನು ಆರಿಸಿ.

ಹೆಸರಿನ ಬದಲು ಸಂಕೇತವನ್ನೇ ಬಳಸಬೇಕೆಂದು ಒತ್ತಿ ಹೇಳಲು ಕಾರಣ ನಮ್ಮ ರಾಜ್ಯದ ಇತಿಹಾಸದಲ್ಲಿಯೇ ಇದೆ. 2014ರ ನವೆಂಬರ್ 1ರಂದು 12 ಊರುಗಳ ಹೆಸರುಗಳ ಅಧಿಕೃತ ಕಾಗುಣಿತ ಬದಲಾಯಿತು. 2011ರ ಜನಗಣತಿಯ ಕಡತದಲ್ಲಿ ಗುಲ್ಬರ್ಗ, ಬಿಜಾಪುರ, ಬೆಳಗಾಂ ಎಂದಿದ್ದರೆ ಇಂದಿನ ಗಡಿ ಕಡತದಲ್ಲಿ ಕಲಬುರಗಿ, ವಿಜಯಪುರ, ಬೆಳಗಾವಿ ಎಂದಿರುತ್ತದೆ. ಹೆಸರಿನ ಮೇಲೆ ಜೋಡಿಸಿದರೆ ಇಂತಹ ಜಿಲ್ಲೆಗಳು ಯಾವ ಎಚ್ಚರಿಕೆಯೂ ಇಲ್ಲದೆ ಖಾಲಿ ಉಳಿಯುತ್ತವೆ. 2011ರ ಜನಗಣತಿಯಲ್ಲಿ ಕರ್ನಾಟಕದ ಜಿಲ್ಲೆಗಳ ಸಂಕೇತಗಳು 555ರಿಂದ 584ರವರೆಗೆ ಇವೆ, ಇವು ಬದಲಾಗುವುದಿಲ್ಲ. ಆದರೆ ಒಂದು ಕಡೆ ಸಂಕೇತ ಸಂಖ್ಯೆಯಾಗಿಯೂ ಮತ್ತೊಂದು ಕಡೆ ಪಠ್ಯವಾಗಿಯೂ ಇದ್ದರೆ ಜೋಡಣೆ ಸರಿಯಾಗಿ ಆಗದಿರಬಹುದಾದ್ದರಿಂದ, ಎರಡೂ ಕಡೆ ಒಂದೇ ಬಗೆಯಾಗಿರುವಂತೆ ನೋಡಿಕೊಳ್ಳಿ.

ಗಡಿಗಳ ಕಾಲವೂ ಅಂಕಿಗಳ ಕಾಲವೂ ಹೊಂದಬೇಕು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರ್ಪಟ್ಟು ಜಿಲ್ಲೆಗಳ ಸಂಖ್ಯೆ 31 ಆಯಿತು. ಇಂದಿನ ಕಡತದಲ್ಲಿ ಈ ಎರಡನ್ನು ‘ಡಿಸಾಲ್ವ್’ ಉಪಕರಣದಿಂದ ಒಂದುಗೂಡಿಸಿದರೆ 2011ರ ಬಳ್ಳಾರಿ ಸಿಕ್ಕಿತೆಂದು ತೋರಬಹುದು, ಆದರೆ ಅದು ಪೂರ್ತಿ ನಿಜವಲ್ಲ: ಹರಪನಹಳ್ಳಿ ತಾಲ್ಲೂಕು 2011ರಲ್ಲಿ ದಾವಣಗೆರೆ ಜಿಲ್ಲೆಯಲ್ಲಿತ್ತು, 2018ರಲ್ಲಿ ಬಳ್ಳಾರಿಗೆ ಸೇರಿತು, ಈಗ ವಿಜಯನಗರದಲ್ಲಿದೆ. ಬಾಕ್ಸ್‌ಪ್ಲಾಟ್ ಗಡಿಯ ಆಕಾರವನ್ನು ನೋಡುವುದಿಲ್ಲ, ಕೋಷ್ಟಕವನ್ನು ಮಾತ್ರ ನೋಡುತ್ತದೆ. ಹಾಗಾಗಿ ಚಿತ್ರಕ್ಕೆ ಇದರಿಂದ ಬಾಧಕವಿಲ್ಲ. ಪಕ್ಕದಲ್ಲಿ ನಕ್ಷೆಯನ್ನೂ ಅಚ್ಚು ಮಾಡುವುದಾದರೆ 2011ರ ಗಡಿ ಕಡತವನ್ನೇ ಹುಡುಕಿ ಬಳಸುವುದು ಪ್ರಾಮಾಣಿಕವಾದ ದಾರಿ.

ಜೋಡಣೆ ಮುಗಿದ ಮೇಲೆ ಅಟ್ರಿಬ್ಯೂಟ್ ಟೇಬಲ್ ತೆರೆದು ಮೂವತ್ತೂ ಸಾಲುಗಳಲ್ಲಿ ಅಂಕಿ ತುಂಬಿರುವುದನ್ನು ಕಣ್ಣಾರೆ ನೋಡಿ. ಸರಿಯಿದ್ದರೆ ಲೇಯರನ್ನು ‘ಎಕ್ಸ್‌ಪೋರ್ಟ್’ ಮೂಲಕ ಜಿಯೋಪ್ಯಾಕೇಜ್ ಎಂಬ ನಕ್ಷೆ ಕಡತವಾಗಿ ಉಳಿಸಿಕೊಳ್ಳಿ, ಏಕೆಂದರೆ ಜೋಡಣೆಯು ಅದುವರೆಗೂ ಆ ಪ್ರಾಜೆಕ್ಟ್‌ನೊಳಗೆ ಮಾತ್ರ ಇರುತ್ತದೆ. ನಕ್ಷೆ ಕಡತದ ಹಳೆಯ ರೂಪವಾದ ಶೇಪ್‌ಫೈಲ್ ಬೇಡವೆನ್ನುವುದಕ್ಕೆ ಕಾರಣ, ಅದರಲ್ಲಿ ಕಾಲಂ ಹೆಸರಿಗೆ ಹತ್ತು ಬೈಟ್‌ಗಳ ಮಿತಿಯಿದೆ. ಕನ್ನಡದ ಒಂದೊಂದು ಸಂಕೇತಾಕ್ಷರಕ್ಕೂ ಯುಟಿಎಫ್-8ರಲ್ಲಿ ಮೂರು ಬೈಟ್ ಬೇಕಾಗುವುದರಿಂದ ‘ಸಾಕ್ಷರತೆ’ ಎಂಬ ಹೆಸರು ಅದರಲ್ಲಿ ಹಿಡಿಸುವುದಿಲ್ಲ.

ಮೂರನೆಯ ಹಂತ: ಚಿತ್ರ ಬಿಡಿಸುವುದು

ಪ್ರೊಸೆಸಿಂಗ್ ಮೆನುವಿನಿಂದ ಟೂಲ್‌ಬಾಕ್ಸ್ ತೆರೆಯಿರಿ. ಅಲ್ಲಿ ‘ಪ್ಲಾಟ್ಸ್’ ಗುಂಪಿನಲ್ಲಿ ‘ಬಾಕ್ಸ್ ಪ್ಲಾಟ್’ ಎಂಬ ಉಪಕರಣವಿದೆ. ಇದು ಕೆಲಸ ಮಾಡಲು ಪೈಥಾನ್ ಭಾಷೆಯ ‘ಪ್ಲಾಟ್ಲಿ’ ಎಂಬ ಲೈಬ್ರರಿ ಬೇಕು. ಅದು ಇಲ್ಲವೆಂಬ ಸಂದೇಶ ಬಂದರೆ, ವಿಂಡೋಸ್‌ನಲ್ಲಿ ಕ್ಯೂಜಿಐಎಸ್ ಜೊತೆಗೇ ಬರುವ ‘ಓಎಸ್‌ಜಿಯೋ4ಡಬ್ಲ್ಯೂ ಶೆಲ್’ ತೆರೆದು ಪೈಥಾನ್‌ನ ‘ಪಿಪ್’ ಮೂಲಕ ಪ್ಲಾಟ್ಲಿಯನ್ನು ಅನುಸ್ಥಾಪಿಸಿ, ಕ್ಯೂಜಿಐಎಸ್ ಅನ್ನು ಮುಚ್ಚಿ ಮತ್ತೆ ತೆರೆಯಬೇಕು.

ಉಪಕರಣದ ಕಿಟಕಿಯಲ್ಲಿ ‘ಇನ್‌ಪುಟ್ ಲೇಯರ್’ ಜಾಗದಲ್ಲಿ ನಮ್ಮ ಜಿಯೋಪ್ಯಾಕೇಜ್ ಲೇಯರನ್ನೂ, ‘ಕ್ಯಾಟಗರಿ ನೇಮ್ ಫೀಲ್ಡ್’ ಜಾಗದಲ್ಲಿ ‘ವಿಭಾಗ’ ಕಾಲಂ ಅನ್ನೂ, ‘ವ್ಯಾಲ್ಯೂ ಫೀಲ್ಡ್’ ಜಾಗದಲ್ಲಿ ‘ಸಾಕ್ಷರತೆ’ ಕಾಲಂ ಅನ್ನೂ ಆರಿಸಿ. ಖಾಲಿ ಕೋಶಗಳಿರುವ ಜಿಲ್ಲೆಗಳಿದ್ದರೆ ಅವುಗಳನ್ನು ‘ಎಕ್ಸ್‌ಟ್ರ್ಯಾಕ್ಟ್ ಬೈ ಎಕ್ಸ್‌ಪ್ರೆಶನ್’ ಉಪಕರಣದಿಂದ ಮುಂಚಿತವಾಗಿಯೇ ಬೇರ್ಪಡಿಸುವುದು ಒಳ್ಳೆಯದು. ‘ಅಡಿಷನಲ್ ಸ್ಟ್ಯಾಟಿಸ್ಟಿಕ್ ಲೈನ್ಸ್’ ಎಂಬಲ್ಲಿ ಸರಾಸರಿಯನ್ನು ಸೇರಿಸುವ ಆಯ್ಕೆಯಿದೆ. ಸರಾಸರಿಯನ್ನು ಸೇರಿಸಿಕೊಳ್ಳಿ, ಪ್ರಮಾಣಿತ ವಿಚಲನೆಯ ಗೆರೆಗಳನ್ನೂ ಸೇರಿಸಿದರೆ ಪೆಟ್ಟಿಗೆಯ ಮೇಲೆ ಇನ್ನೊಂದು ಆಕೃತಿ ಬಂದು ಓದುವವರಿಗೆ ಗೊಂದಲವಾಗುತ್ತದೆ. ಓಡಿಸಿದಾಗ ಫಲಿತಾಂಶವು ಎಚ್‌ಟಿಎಂಎಲ್ ಕಡತವಾಗಿ ಉಳಿಯುತ್ತದೆ. ಅದನ್ನು ಬ್ರೌಸರ್‌ನಲ್ಲಿ ತೆರೆದು ಪೆಟ್ಟಿಗೆಯ ಮೇಲೆ ಮೌಸ್ ಇಟ್ಟರೆ ಮಧ್ಯಾಂಕ, ಚತುರ್ಥಕ, ಬೇಲಿಗಳ ಅಂಕಿಗಳು ಕಾಣಿಸುತ್ತವೆ. ಮೇಲಿನ ಮೂಲೆಯ ಕ್ಯಾಮೆರಾ ಚಿಹ್ನೆಯಿಂದ ಚಿತ್ರವನ್ನು ಪಿಎನ್‌ಜಿಯಾಗಿ ಇಳಿಸಿಕೊಳ್ಳಬಹುದು.

ಇಡೀ ರಾಜ್ಯಕ್ಕೆ ಒಂದೇ ಪೆಟ್ಟಿಗೆ ಬೇಕಾದರೂ ಈ ಉಪಕರಣ ವರ್ಗದ ಕಾಲಂ ಅನ್ನು ಕೇಳುತ್ತದೆ. ಫೀಲ್ಡ್ ಕ್ಯಾಲ್ಕುಲೇಟರ್‌ನಲ್ಲಿ ‘ರಾಜ್ಯ’ ಎಂಬ ಹೊಸ ಪಠ್ಯ ಕಾಲಂ ಮಾಡಿ, ಎಲ್ಲ ಸಾಲುಗಳಿಗೂ ‘ಕರ್ನಾಟಕ’ ಎಂದು ತುಂಬಿ, ಅದನ್ನೇ ವರ್ಗವಾಗಿ ಕೊಟ್ಟರೆ ಕೆಲಸ ಆಗುತ್ತದೆ.

ಇನ್ನೂ ಹೆಚ್ಚಿನ ಹಿಡಿತ ಬೇಕೆನ್ನುವವರಿಗೆ ‘ಡೇಟಾ ಪ್ಲಾಟ್ಲಿ’ ಎಂಬ ಪ್ಲಗಿನ್ ಇದೆ. ಪ್ಲಗಿನ್ಸ್ ಮೆನುವಿನಿಂದ ಅದನ್ನು ಅನುಸ್ಥಾಪಿಸಿದರೆ ಚಿತ್ರ ಕ್ಯೂಜಿಐಎಸ್‌ನ ಒಳಗೇ ಮೂಡುತ್ತದೆ. ನಕ್ಷೆಯಲ್ಲಿ ಆಯ್ದ ಜಿಲ್ಲೆಗಳಿಗೆ ಅಥವಾ ಪರದೆಯಲ್ಲಿ ಕಾಣುತ್ತಿರುವ ಭಾಗಕ್ಕೆ ಮಾತ್ರ ಚಿತ್ರವನ್ನು ಸೀಮಿತಗೊಳಿಸುವ ಸೌಲಭ್ಯವೂ, ಪೆಟ್ಟಿಗೆಯ ಪಕ್ಕದಲ್ಲಿ ಎಲ್ಲ ಅಂಕಿಗಳನ್ನೂ ಚುಕ್ಕೆಗಳಾಗಿ ತೋರಿಸುವ ಸೌಲಭ್ಯವೂ ಅದರಲ್ಲಿದೆ. ಎರಡನೆಯದನ್ನು ನಾನು ಬಹಳ ಮೆಚ್ಚುತ್ತೇನೆ. ಕಲಬುರಗಿ ವಿಭಾಗದಲ್ಲಿ ಇರುವುದು ಆರೇ ಅಂಕಿಗಳು. ಆರು ಅಂಕಿಗಳಿಂದ ಮಾಡಿದ ಪೆಟ್ಟಿಗೆಯೂ ಅರವತ್ತು ಅಂಕಿಗಳಿಂದ ಮಾಡಿದ ಪೆಟ್ಟಿಗೆಯೂ ನೋಡಲು ಒಂದೇ ತೆರನಾಗಿರುವುದರಿಂದ, ಚುಕ್ಕೆಗಳನ್ನು ತೋರಿಸದಿದ್ದರೆ ಓದುಗರಿಗೆ ಇಲ್ಲದ ಭರವಸೆಯನ್ನು ಕೊಟ್ಟಂತಾಗುತ್ತದೆ.

ನಾಲ್ಕನೆಯ ಹಂತ: ಚಿತ್ರವನ್ನು ಓದುವುದು

ಮೊದಲು ಇಡೀ ರಾಜ್ಯದ ಪೆಟ್ಟಿಗೆಯನ್ನು ನೋಡೋಣ. ಮೂವತ್ತು ಅಂಕಿಗಳನ್ನು ಏರಿಕೆಯ ಕ್ರಮದಲ್ಲಿಟ್ಟಾಗ ಎಂಟನೆಯದು ಬಾಗಲಕೋಟೆಯ 68.82, ಇದೇ ಮೊದಲ ಚತುರ್ಥಕ. ಹದಿನೈದನೆಯ ಚಿತ್ರದುರ್ಗ ಮತ್ತು ಹದಿನಾರನೆಯ ಕೋಲಾರಗಳ ನಡುಬಿಂದು 74.05 ಮಧ್ಯಾಂಕ. ಇಪ್ಪತ್ತಮೂರನೆಯ ಚಿಕ್ಕಮಗಳೂರಿನ 79.25 ಮೂರನೆಯ ಚತುರ್ಥಕ. ವ್ಯಾಪ್ತಿ 10.43, ಅದರ ಒಂದೂವರೆ ಪಟ್ಟು ಸುಮಾರು 15.65. ಆದ್ದರಿಂದ ಕೆಳಗಿನ ಬೇಲಿ ಸುಮಾರು 53.18, ಮೇಲಿನ ಬೇಲಿ ಸುಮಾರು 94.90. ಯಾದಗಿರಿಯ 51.83 ಕೆಳಗಿನ ಬೇಲಿಯಿಂದ ಹೊರಗೆ ಬೀಳುತ್ತದೆ, ಕೆಳಗಿನ ಮೀಸೆ ರಾಯಚೂರಿನ 59.56ಕ್ಕೆ ನಿಲ್ಲುತ್ತದೆ. ಮೇಲಿನ ಮೀಸೆ ದಕ್ಷಿಣ ಕನ್ನಡದ 88.57ರವರೆಗೆ ಹೋಗುತ್ತದೆ, ಮೇಲೆ ಹೊರಗುಳಿದ ಜಿಲ್ಲೆ ಒಂದೂ ಇಲ್ಲ.

ಈಗ ಅವೇ ಅಂಕಿಗಳನ್ನು ವಿಭಾಗವಾರು ನೋಡಿ. ಕಲಬುರಗಿ ವಿಭಾಗದ ಪೆಟ್ಟಿಗೆ 59.56ರಿಂದ 68.09ರವರೆಗೆ ಇದೆ, ಮಧ್ಯಾಂಕ 66.14. ವ್ಯಾಪ್ತಿ 8.53 ಆಗಿರುವುದರಿಂದ ಕೆಳಗಿನ ಬೇಲಿ 46.77ರ ಆಸುಪಾಸಿಗೆ ಇಳಿಯುತ್ತದೆ, ಯಾದಗಿರಿ ಅದರೊಳಗೆ ಬಂದುಬಿಡುತ್ತದೆ. ಅಂದರೆ ರಾಜ್ಯದ ಲೆಕ್ಕದಲ್ಲಿ ಬೇಲಿಯಾಚೆಗಿದ್ದ ಜಿಲ್ಲೆ ತನ್ನ ನೆರೆಹೊರೆಯ ನಡುವೆ ಕೇವಲ ಕಡಿಮೆ ಅಂಕಿಯ ಜಿಲ್ಲೆ ಮಾತ್ರ. ಇತ್ತ ಬೆಂಗಳೂರು ವಿಭಾಗದಲ್ಲಿ ಪೆಟ್ಟಿಗೆ 72.72ರಿಂದ 78.56ರವರೆಗೆ ಬಿಗಿಯಾಗಿದೆ. ವ್ಯಾಪ್ತಿ 5.84 ಮಾತ್ರ, ಮೇಲಿನ ಬೇಲಿ 87.32. ಬೆಂಗಳೂರು ನಗರದ 87.67 ಕೂದಲೆಳೆಯಷ್ಟು ಅಂತರದಲ್ಲಿ ಹೊರಗೆ ಬೀಳುತ್ತದೆ, ಮೀಸೆ ಶಿವಮೊಗ್ಗದ 80.45ಕ್ಕೆ ನಿಲ್ಲುತ್ತದೆ. ಅದಕ್ಕಿಂತ ಹೆಚ್ಚಿನ ಪ್ರಮಾಣವಿರುವ ದಕ್ಷಿಣ ಕನ್ನಡ ಮೈಸೂರು ವಿಭಾಗದಲ್ಲಿ ಹೊರಗುಳಿಯುವುದಿಲ್ಲ, ಏಕೆಂದರೆ ಆ ವಿಭಾಗದ ಪೆಟ್ಟಿಗೆಯೇ 71.60ರಿಂದ 84.43ರವರೆಗೆ ಉದ್ದವಾಗಿದೆ. ಕರಾವಳಿಯ ಎರಡು ಜಿಲ್ಲೆಗಳನ್ನೂ ಚಾಮರಾಜನಗರವನ್ನೂ ಒಂದೇ ಆಡಳಿತ ವಿಭಾಗದಲ್ಲಿ ಇಟ್ಟಿರುವುದರ ಪರಿಣಾಮವಿದು. ಬೆಳಗಾವಿ ವಿಭಾಗದಲ್ಲಿ ಪೆಟ್ಟಿಗೆ 69.99ರಿಂದ 79.35, ಹೊರಗುಳಿದವು ಇಲ್ಲ.

ಹೀಗಾಗಿ ಒಂದು ಜಿಲ್ಲೆಯನ್ನು ‘ಹೊರಗುಳಿದದ್ದು’ ಎಂದು ಬರೆಯುವಾಗ ಯಾವ ಗುಂಪಿನೊಳಗೆ ಎಂಬುದನ್ನು ಅದೇ ವಾಕ್ಯದಲ್ಲಿ ಬರೆಯಲೇಬೇಕು. ಯಾದಗಿರಿ 2009ರ ಡಿಸೆಂಬರ್‌ನಲ್ಲಿ ಗುಲ್ಬರ್ಗ ಜಿಲ್ಲೆಯಿಂದ ಬೇರ್ಪಟ್ಟು ಹೊಸ ಜಿಲ್ಲೆಯಾಯಿತು. ಆ ವಿಭಜನೆ ಆಗಿರದಿದ್ದರೆ 2011ರ ಜನಗಣತಿಯಲ್ಲಿ ಈ ಚುಕ್ಕೆ ಪ್ರತ್ಯೇಕವಾಗಿ ಕಾಣುತ್ತಲೇ ಇರಲಿಲ್ಲ, ಅಲ್ಲಿನ ಜನರ ಸ್ಥಿತಿ ದೊಡ್ಡ ಜಿಲ್ಲೆಯ ಸರಾಸರಿಯಲ್ಲಿ ಅಡಗಿರುತ್ತಿತ್ತು. ಗಡಿ ಎಲ್ಲಿ ಎಳೆದಿದ್ದಾರೆ ಎಂಬುದು ಬಾಕ್ಸ್‌ಪ್ಲಾಟ್‌ನ ಆಕಾರವನ್ನು ನಿರ್ಧರಿಸುತ್ತದೆ. ಸಾಧ್ಯವಿದ್ದಲ್ಲೆಲ್ಲ ತಾಲ್ಲೂಕು ಮಟ್ಟದ ಅಂಕಿಗಳಿಂದಲೂ ಇದೇ ಚಿತ್ರವನ್ನು ಬಿಡಿಸಿ ಹೋಲಿಸಬೇಕು. 2011ರ ಲೆಕ್ಕದಲ್ಲಿ 176 ತಾಲ್ಲೂಕುಗಳಿದ್ದುದರಿಂದ ಒಂದೊಂದು ವಿಭಾಗಕ್ಕೂ ಸಾಕಷ್ಟು ಅಂಕಿಗಳು ಸಿಗುತ್ತವೆ.

ಸರಾಸರಿಯ ಗೆರೆಯನ್ನು ಓದುವಾಗ ಇನ್ನೊಂದು ಎಚ್ಚರ ಬೇಕು. ಮೂವತ್ತು ಜಿಲ್ಲೆಗಳ ಸರಳ ಸರಾಸರಿ 73.66, ಆದರೆ ರಾಜ್ಯದ ಸಾಕ್ಷರತೆ 75.36. ಬಾಕ್ಸ್‌ಪ್ಲಾಟ್‌ಗೆ ಪ್ರತಿ ಪಾಲಿಗಾನ್ ಒಂದು ಅಂಕಿ ಅಷ್ಟೇ. ಸುಮಾರು 96 ಲಕ್ಷ ಜನರಿದ್ದ ಬೆಂಗಳೂರು ನಗರಕ್ಕೂ ಸುಮಾರು 5.5 ಲಕ್ಷ ಜನರಿದ್ದ ಕೊಡಗಿಗೂ ಅದು ಸಮಾನ ಬೆಲೆ ಕೊಡುತ್ತದೆ. ಚಿತ್ರದಲ್ಲಿ ಕಾಣುವ ಗೆರೆಯನ್ನು ‘ರಾಜ್ಯದ ಸರಾಸರಿ’ ಎಂದು ಕರೆಯುವುದು ತಪ್ಪು, ‘ಜಿಲ್ಲೆಗಳ ಸರಾಸರಿ’ ಎನ್ನುವುದು ಸರಿ.

ಒಟ್ಟು ಸಂಖ್ಯೆಗಳನ್ನು ನೇರವಾಗಿ ಬಾಕ್ಸ್‌ಪ್ಲಾಟ್‌ಗೆ ಕೊಡುವುದನ್ನು ತಪ್ಪಿಸಿ. ಜಿಲ್ಲೆ ದೊಡ್ಡದಿದ್ದಷ್ಟೂ ಸಂಖ್ಯೆ ದೊಡ್ಡದಾಗುತ್ತದೆಯೇ ಹೊರತು ಬೇರೇನೂ ತಿಳಿಯುವುದಿಲ್ಲ. ಪ್ರಮಾಣ ಅಥವಾ ಸಾಂದ್ರತೆಯನ್ನು ಬಳಸಿ. ಸಾಂದ್ರತೆಯಲ್ಲಿಯೂ ರಾಜ್ಯದ್ದು ಚದರ ಕಿಲೋಮೀಟರಿಗೆ 319 ಆಗಿದ್ದಾಗ ಬೆಂಗಳೂರು ನಗರದ್ದು 4,300ಕ್ಕೂ ಹೆಚ್ಚು ಇರುವುದರಿಂದ ಉಳಿದ ಪೆಟ್ಟಿಗೆ ತಳದಲ್ಲಿ ಚಪ್ಪಟೆಯಾಗುತ್ತದೆ. ಅಂಥಲ್ಲಿ ಅಂಕಿಗಳ ಲಾಗರಿದಮ್ ತೆಗೆದು ಬಿಡಿಸುವುದು ಉಪಾಯ.

ಐದನೆಯ ಹಂತ: ಅಂಕಿಗಳನ್ನು ತಾಳೆ ನೋಡುವುದು

ಟೂಲ್‌ಬಾಕ್ಸ್‌ನ ‘ಸ್ಟ್ಯಾಟಿಸ್ಟಿಕ್ಸ್ ಬೈ ಕ್ಯಾಟಗರೀಸ್’ ಉಪಕರಣಕ್ಕೆ ಅದೇ ಎರಡು ಕಾಲಂಗಳನ್ನು ಕೊಟ್ಟರೆ ಪ್ರತಿ ವಿಭಾಗದ ಮಧ್ಯಾಂಕ, ಚತುರ್ಥಕಗಳು ಮತ್ತು ವ್ಯಾಪ್ತಿ ಕೋಷ್ಟಕವಾಗಿ ಸಿಗುತ್ತವೆ. ಇವು ಚಿತ್ರದ ಅಂಕಿಗಳೊಂದಿಗೆ ಎಲ್ಲ ಕಡೆಯೂ ಹೊಂದದಿದ್ದರೆ ಗಾಬರಿಯಾಗಬೇಕಿಲ್ಲ. ಚತುರ್ಥಕವನ್ನು ಲೆಕ್ಕ ಹಾಕಲು ಒಂದಕ್ಕಿಂತ ಹೆಚ್ಚು ಒಪ್ಪಿತ ವಿಧಾನಗಳಿವೆ. ಪ್ಲಾಟ್ಲಿ ತಾನಾಗಿ ಬಳಸುವುದು ‘ಲಿನಿಯರ್’ ವಿಧಾನವನ್ನು, ಮೇಲೆ ಕೊಟ್ಟ ಅಂಕಿಗಳೂ ಅದರಂತೆಯೇ ಇವೆ. ಮಧ್ಯಾಂಕವನ್ನು ಎರಡೂ ಅರ್ಧಗಳಿಂದ ಹೊರಗಿಟ್ಟು ಲೆಕ್ಕ ಮಾಡುವ ‘ಎಕ್ಸ್‌ಕ್ಲೂಸಿವ್’ ವಿಧಾನದಲ್ಲಿ ಬೆಂಗಳೂರು ವಿಭಾಗದ ಚತುರ್ಥಕಗಳು 71.74 ಮತ್ತು 79.19 ಆಗುತ್ತವೆ, ಮೇಲಿನ ಬೇಲಿ 90.37ಕ್ಕೆ ಏರುತ್ತದೆ, ಬೆಂಗಳೂರು ನಗರ ಒಳಗೆ ಬರುತ್ತದೆ. ಮಧ್ಯಾಂಕವನ್ನು ಎರಡೂ ಅರ್ಧಗಳಲ್ಲಿ ಸೇರಿಸುವ ‘ಇನ್‌ಕ್ಲೂಸಿವ್’ ವಿಧಾನದಲ್ಲಿ ಅವು 73.71 ಮತ್ತು 77.93 ಆಗಿ, ಬೇಲಿ 84.26ಕ್ಕೆ ಇಳಿದು, ಅದೇ ಜಿಲ್ಲೆ ಸ್ಪಷ್ಟವಾಗಿ ಹೊರಗೆ ಹೋಗುತ್ತದೆ. ಒಂಬತ್ತು ಅಂಕಿಗಳ ಗುಂಪಿನಲ್ಲಿ ವಿಧಾನವೇ ತೀರ್ಪನ್ನು ಬದಲಿಸಬಲ್ಲದು. ರಾಜ್ಯದ ಮೂವತ್ತು ಅಂಕಿಗಳಲ್ಲಿ ಮಾತ್ರ ಈ ಮೂರೂ ವಿಧಾನಗಳು 68.82 ಮತ್ತು 79.25 ಎಂದೇ ಹೇಳುತ್ತವೆ, ಆದ್ದರಿಂದ ಯಾದಗಿರಿಯ ವಿಷಯದಲ್ಲಿ ತೀರ್ಪು ಗಟ್ಟಿ.

ಆರನೆಯ ಹಂತ: ನಕ್ಷೆಗೆ ಮರಳುವುದು

ಬಾಕ್ಸ್‌ಪ್ಲಾಟ್ ಜಾಗವನ್ನು ಮರೆಸುತ್ತದೆ. ಚತುರ್ಥಕಗಳನ್ನು ತಿರುಗಿ ನಕ್ಷೆಯ ಮೇಲೆ ಇಟ್ಟಾಗಲೇ ಕೆಲಸ ಪೂರ್ಣವಾಗುತ್ತದೆ. ಲೇಯರ್‌ನ ‘ಸಿಂಬಾಲಜಿ’ಯಲ್ಲಿ ‘ಗ್ರ್ಯಾಜುಯೇಟೆಡ್’ ಆರಿಸಿ, ವರ್ಗಗಳ ಎಲ್ಲೆಗಳನ್ನು ಕೈಯಿಂದಲೇ 53.18, 68.82, 74.05, 79.25, 94.90 ಎಂದು ತುಂಬಿ. ಮೂಲ ಸಂಖ್ಯೆಗಳಿಂದ ನೀವೇ ಪ್ರಮಾಣ ಲೆಕ್ಕ ಮಾಡಿದ್ದರೆ ಮೊದಲು ಎರಡು ದಶಮಾಂಶಕ್ಕೆ ಸರಿಹೊಂದಿಸಿಕೊಳ್ಳಿ. ಇಲ್ಲವಾದರೆ ಎಲ್ಲೆಯ ಮೇಲೆಯೇ ಇರುವ ಬಾಗಲಕೋಟೆ, ಚಿಕ್ಕಮಗಳೂರುಗಳು ಪಕ್ಕದ ವರ್ಗಕ್ಕೆ ಜಾರಬಹುದು. ಬೇಲಿಯಾಚೆಗಿನ ವರ್ಗಕ್ಕೆ ಉಳಿದವುಗಳಿಗಿಂತ ಬೇರೆಯಾಗಿ ಎದ್ದು ಕಾಣುವ ಬಣ್ಣ ಕೊಡಿ. ಇಂಥ ನಕ್ಷೆಗೆ ‘ಬಾಕ್ಸ್ ಮ್ಯಾಪ್’ ಎನ್ನುತ್ತಾರೆ. ‘ಜಿಯೋಡಾ’ ಎಂಬ ಇನ್ನೊಂದು ಉಚಿತ ತಂತ್ರಾಂಶದಲ್ಲಿ ಇದು ಸಿದ್ಧ ಆಯ್ಕೆಯಾಗಿಯೇ ಇದೆ, ಅಲ್ಲಿ ಒಂದೂವರೆ ಪಟ್ಟಿನ ಬದಲು ಮೂರು ಪಟ್ಟಿನ ಬೇಲಿಯನ್ನೂ ಆರಿಸಬಹುದು.

ನಕ್ಷೆ ಮೂಡಿದಾಗ ಪೆಟ್ಟಿಗೆ ಹೇಳದಿದ್ದ ಸಂಗತಿ ಕಾಣುತ್ತದೆ. ಕೆಳಗಿನ ಕಾಲು ಭಾಗದಲ್ಲಿರುವ ರಾಯಚೂರು, ಕಲಬುರಗಿ, ವಿಜಯಪುರ, ಬಳ್ಳಾರಿ, ಕೊಪ್ಪಳ, ಬಾಗಲಕೋಟೆಗಳು ಯಾದಗಿರಿಯೊಂದಿಗೆ ಸೇರಿ ಒಂದಕ್ಕೊಂದು ಅಂಟಿಕೊಂಡ ಒಂದೇ ಪ್ರದೇಶವಾಗಿವೆ. ಚಾಮರಾಜನಗರ ಮಾತ್ರ ದಕ್ಷಿಣದ ತುದಿಯಲ್ಲಿ ಒಂಟಿಯಾಗಿದೆ. ಮೇಲಿನ ಕಾಲು ಭಾಗದ ಧಾರವಾಡ, ಉತ್ತರ ಕನ್ನಡ, ಶಿವಮೊಗ್ಗ, ಉಡುಪಿ, ದಕ್ಷಿಣ ಕನ್ನಡ, ಕೊಡಗುಗಳು ಪಶ್ಚಿಮದಲ್ಲಿ ಒಂದು ಸಾಲಾಗಿ ಕೂಡಿಕೊಂಡಿವೆ, ಬೆಂಗಳೂರು ನಗರ ದೂರದಲ್ಲಿದೆ. ವಿಜಯಪುರ ಮತ್ತು ಬಾಗಲಕೋಟೆಗಳು ಆಡಳಿತದ ಲೆಕ್ಕದಲ್ಲಿ ಬೆಳಗಾವಿ ವಿಭಾಗಕ್ಕೆ ಸೇರಿದರೂ ಅಂಕಿಗಳ ಲೆಕ್ಕದಲ್ಲಿ ಪೂರ್ವದ ನೆರೆಯವರೊಂದಿಗೆ ನಿಲ್ಲುತ್ತವೆ. ಕಂದಾಯ ವಿಭಾಗದ ಬದಲು ಕರಾವಳಿ, ಮಲೆನಾಡು, ಬಯಲುಸೀಮೆ ಎಂಬಂಥ ಗುಂಪುಗಳ ಹೊಸ ಕಾಲಂ ಮಾಡಿ ಮೂರನೆಯ ಹಂತದಿಂದ ಮತ್ತೊಮ್ಮೆ ನಡೆಸಿ ನೋಡುವುದು ಇಲ್ಲಿ ಸಹಜವಾದ ಮುಂದುವರಿಕೆ.

ಚಿತ್ರವನ್ನೂ ನಕ್ಷೆಯನ್ನೂ ವರದಿಗೆ ಸೇರಿಸುವಾಗ ಎರಡನ್ನೂ ಅಕ್ಕಪಕ್ಕದಲ್ಲಿ, ಒಂದೇ ಬಣ್ಣಗಳಲ್ಲಿ ಇಡಿ. ಕೆಳಗಿನ ಶೀರ್ಷಿಕೆಯಲ್ಲಿ ಅಂಕಿಗಳ ವರ್ಷ, ಗಡಿಗಳ ವರ್ಷ, ಪ್ರತಿ ಪೆಟ್ಟಿಗೆಯಲ್ಲಿರುವ ಜಿಲ್ಲೆಗಳ ಸಂಖ್ಯೆ, ಚತುರ್ಥಕದ ವಿಧಾನ, ಬೇಲಿಯ ಪಟ್ಟು ಇಷ್ಟನ್ನೂ ಬರೆಯಬೇಕು. ಬೆಂಗಳೂರು ನಗರದ ಪಕ್ಕದಲ್ಲಿ ಮಾತ್ರ, ಅದು ಬೇಲಿಯಿಂದ 0.35ರಷ್ಟು ಮಾತ್ರ ಹೊರಗಿದೆ, ಬೇರೆ ವಿಧಾನದಲ್ಲಿ ಒಳಗೆ ಬರುತ್ತದೆ ಎಂಬ ಒಂದು ಸಾಲಿನ ಟಿಪ್ಪಣಿಯನ್ನು ತಪ್ಪದೆ ಸೇರಿಸಿ.